ಯಾರದ್ದೂ ಅಲ್ಲದ ಬೆಕ್ಕಿಗೆ ಆಸ್ಪತ್ರೆ ಬಿಲ್ಲು: ಒಂದು ಪ್ರಕರಣ

ಈ ಪ್ರಕರಣದಲ್ಲಿ ನಾಲ್ಕು ಜನ, ಒಂದು ಬೆಕ್ಕು. ಗಾಡಿ ಬಡಿದು ಬಿದ್ದಿದ್ದ ಬೆಕ್ಕನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ಒಬ್ಬ ಯುವತಿ. ಅದೇ ಬೆಕ್ಕಿಗೆ ಕೆಲವು ವರ್ಷಗಳಿಂದ ದಿನಾ ಊಟ ಹಾಕುತ್ತಿದ್ದ, ಆದರೆ ಕೇಳಿದವರಿಗೆಲ್ಲ "ನಮ್ಮದಲ್ಲ" ಎನ್ನುತ್ತಿದ್ದ ಒಬ್ಬ ಯಜಮಾನರು. ಚಿಕಿತ್ಸೆ ಮಾಡಿದ ಪಶುವೈದ್ಯೆ. ಆಮೇಲೆ ದುಡ್ಡಿನ ಲೆಕ್ಕ ಬರೆಯಲು ಸಿಕ್ಕಿಬಿದ್ದ ನಾನು.

ಬೆಕ್ಕಿನ ಹೆಸರು ಕೆಂಚ. ಕಿತ್ತಳೆ ಬಣ್ಣದ ದೊಡ್ಡ ಗಂಡು. ಈ ಬಣ್ಣದ ಬೆಕ್ಕುಗಳಲ್ಲಿ ಗಂಡೇ ಜಾಸ್ತಿ, ಬಣ್ಣದ ಜೀನು ಎಕ್ಸ್ ಕ್ರೋಮೊಸೋಮಿನಲ್ಲಿ ಇರುವುದರಿಂದ. ಅವನಿಗೆ ಸಂತಾನಹರಣ ಆಗಿರಲಿಲ್ಲ. ಅಂಥ ಗಂಡುಗಳು ಹೆಣ್ಣಿನ ಹಿಂದೆ, ಜಗಳದ ಹಿಂದೆ ದೂರ ದೂರ ಸುತ್ತುತ್ತವೆ, ಗಾಡಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಕೆಂಚನ ಕಥೆಯೂ ಅಷ್ಟೇ.

ಮೊತ್ತಗಳನ್ನು ಬೇಕೆಂದೇ ಬರೆದಿಲ್ಲ. ಒಂದು ಆಸ್ಪತ್ರೆಯ ದರ ಇನ್ನೊಂದಕ್ಕೆ ಹೊಂದುವುದಿಲ್ಲ. ದುಡ್ಡು ಯಾವ ಹೊತ್ತಿನಲ್ಲಿ ಬೇಕಾಯಿತು, ಯಾವುದಕ್ಕೆ ಹೋಯಿತು, ಬೇಕೋ ಬೇಡವೋ ಅಂತ ಯಾರು ತೀರ್ಮಾನ ಮಾಡಿದರು ಅನ್ನೋದೇ ಇಲ್ಲಿ ವಿಷಯ.

ಸಹಿ ಹಾಕುವವರು ಯಾರು?

ಕೆಂಚ ರಸ್ತೆ ಬದಿಯಲ್ಲಿ ಬಿದ್ದಿದ್ದಾಗ ಎಡ ಹಿಂಗಾಲು ಜೋತಾಡುತ್ತಿತ್ತು. ಸುತ್ತ ನಿಂತವರಲ್ಲಿ ಒಬ್ಬರು ನೋವಿನ ಮಾತ್ರೆ ತಂದು, ಪುಡಿ ಮಾಡಿ ಬಾಯಿಗೆ ಹಾಕೋಣ ಅಂದರು. ಪ್ಯಾರಾಸಿಟಮಾಲ್. ಯುವತಿ ತಡೆದಳು, ಒಳ್ಳೆಯದಾಯಿತು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತಕ್ಕೆ ಆಮ್ಲಜನಕ ಹೊರಲು ಆಗದೆ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಸದುದ್ದೇಶದ ಆ ಒಂದು ಚಿಟಿಕೆ ಒಳಗೆ ಹೋಗಿದ್ದರೆ ಕಾಲಿನ ಬಿಲ್ಲಿನ ಮೇಲೆ ವಿಷದ ಬಿಲ್ಲೂ ಬರುತ್ತಿತ್ತು. ಬಿಲ್ಲು ಬರುವಷ್ಟು ಹೊತ್ತು ಬದುಕಿದ್ದರೆ.

ಎತ್ತುವಾಗ ಕೆಂಚ ಅವಳ ಹೆಬ್ಬೆರಳಿನ ಬುಡಕ್ಕೆ ಕಚ್ಚಿದ. ನೋವಿನಲ್ಲಿರುವ ಬೆಕ್ಕು ಯಾರನ್ನಾದರೂ ಕಚ್ಚುತ್ತದೆ, ಅದರಲ್ಲಿ ದ್ವೇಷ ಏನಿಲ್ಲ. ಆಮೇಲೆ ಯಾರೋ ದಪ್ಪ ಟವೆಲ್ ತಂದರು, ತಲೆ ಸಮೇತ ಮುಚ್ಚಿ ರಟ್ಟಿನ ಡಬ್ಬಕ್ಕೆ ಇಳಿಸಿದರು. ಈ ಕಚ್ಚಿದ ವಿಷಯಕ್ಕೆ ಮುಂದೆ ಬರುತ್ತೇನೆ, ಅದಕ್ಕೂ ಒಂದು ಬಿಲ್ಲಿದೆ.

ಆಸ್ಪತ್ರೆಯಲ್ಲಿ ಮೊದಲ ಪ್ರಶ್ನೆ, "ಬೆಕ್ಕು ಯಾರದ್ದು?"

"ಯಾರದ್ದೂ ಅಲ್ಲ."

"ಹಾಗಾದ್ರೆ ಇಲ್ಲಿ ಯಾರು ಸಹಿ ಹಾಕ್ತೀರಿ?"

ಕೌಂಟರಿನ ಮೇಲೆ ಇಟ್ಟ ಹಾಳೆಯಲ್ಲಿ ಮೇಲ್ಗಡೆ ಚಿಕಿತ್ಸೆಗೆ ಒಪ್ಪಿಗೆ, ಕೆಳಗಡೆ ಸಣ್ಣ ಅಕ್ಷರದಲ್ಲಿ ಖರ್ಚಿನ ಹೊಣೆ. ಎರಡಕ್ಕೂ ಸೇರಿ ಒಂದೇ ಸಹಿ. ಅವಳು ಓದಿದಳು, ಪೆನ್ನು ಕೆಳಗಿಟ್ಟಳು. ಟವೆಲ್ಲಿನೊಳಗಿಂದ ಕೆಂಚ ಗುರ್ ಅಂದ. ಅವಳು ಮತ್ತೆ ಪೆನ್ನು ತೆಗೆದುಕೊಂಡಳು.

ಸಾಮಾನ್ಯವಾಗಿ ಯಾರು ಪ್ರಾಣಿಯನ್ನು ತಂದು ಸಹಿ ಹಾಕುತ್ತಾರೋ ಅವರೇ ಆಸ್ಪತ್ರೆಯ ಲೆಕ್ಕದಲ್ಲಿ ಗಿರಾಕಿ. ಬೀದಿ ಬೆಕ್ಕು, ದಯೆಯಿಂದ ತಂದದ್ದು ಅನ್ನುವ ಮಾತಿಗೆ ಬಿಲ್ಲಿನಲ್ಲಿ ಕಾಲಂ ಇಲ್ಲ. ಇದು ಕ್ರೂರ ಅನ್ನಿಸಬಹುದು. ಆದರೆ ಔಷಧಿ, ಎಕ್ಸ್‌ರೇ ಯಂತ್ರ, ರಾತ್ರಿ ಪಾಳಿಯ ಸಂಬಳ ಎಲ್ಲವನ್ನೂ ಆ ಆಸ್ಪತ್ರೆ ಬಂದ ಫೀಸಿನಲ್ಲೇ ತೂಗಿಸಬೇಕು. ಮನುಷ್ಯರ ಆಸ್ಪತ್ರೆಗಳಿಗೆ ಹಲವು ದೇಶಗಳಲ್ಲಿ ಸರ್ಕಾರದ ದುಡ್ಡೋ ವಿಮೆಯ ದುಡ್ಡೋ ಬರುತ್ತದೆ. ಖಾಸಗಿ ಪಶು ಆಸ್ಪತ್ರೆಗೆ ಎದುರಿಗೆ ನಿಂತವರೇ ಗತಿ. ಹೀಗಾಗಿ ಮುಂಗಡ ಕೇಳಿದ ಕೂಡಲೇ "ದುಡ್ಡಿನ ಆಸೆ" ಅಂತ ಜರಿಯುವವರ ಜೊತೆ ನಾನಿಲ್ಲ.

ಸಹಿ ಹಾಕುವ ಮೊದಲು ಒಂದು ಕೆಲಸ ಬಿಡಬಾರದು, ಚಿಪ್ ನೋಡಿಸುವುದು. ಕುತ್ತಿಗೆಯ ಹಿಂದೆ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಇದ್ದರೆ, ಸ್ಕ್ಯಾನರ್ ಹಿಡಿದಾಗ 15 ಅಂಕಿಯ ಸಂಖ್ಯೆ ಬರುತ್ತದೆ. ಅದನ್ನು ನೋಂದಣಿಯಲ್ಲಿ ಹುಡುಕಿದರೆ ಸಾಕಿದವರ ಫೋನ್ ಸಿಗಬಹುದು. ಅವರು ಸಿಕ್ಕರೆ ತೀರ್ಮಾನವೂ ಬಿಲ್ಲೂ ಅವರದ್ದು. ಇದಕ್ಕೆ ನಿಮಿಷ ಹಿಡಿಯುವುದಿಲ್ಲ, ಬಹಳಷ್ಟು ಕಡೆ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಕೆಂಚನಿಗೆ ಚಿಪ್ ಇರಲಿಲ್ಲ. ಕಿವಿಯ ತುದಿಯೂ ಪೂರ್ತಿ ಇತ್ತು. ಬೀದಿ ಬೆಕ್ಕುಗಳನ್ನು ಹಿಡಿದು ಸಂತಾನಹರಣ ಮಾಡಿ ಬಿಡುವ ಕಡೆ ಗುರುತಿಗೆ ಒಂದು ಕಿವಿಯ ತುದಿ ಕತ್ತರಿಸುತ್ತಾರೆ. ಆ ಗುರುತಿದ್ದರೆ ಬಿಟ್ಟವರನ್ನು ಹುಡುಕಿ ಸಹಾಯ ಕೇಳಬಹುದಿತ್ತು.

ಮುಂದಿನದ್ದು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು. ಯುವತಿ ವೈದ್ಯೆಗೆ ನೇರವಾಗಿ ಹೇಳಿದಳು: "ಡಾಕ್ಟ್ರೇ, ನನ್ನ ಕೈಯಲ್ಲಿ ಇವತ್ತು ಇಷ್ಟು ಆಗುತ್ತೆ. ಇದರ ಮೇಲೆ ಒಂದು ಪೈಸೆ ಹೋಗೋ ಮುಂಚೆ ನನಗೆ ಫೋನ್ ಮಾಡಿ."

ಬಹಳ ಜನ ಇದನ್ನು ಹೇಳುವುದಿಲ್ಲ. ನಾಚಿಕೆ. ಪ್ರಾಣದ ಮುಂದೆ ದುಡ್ಡಿನ ಮಾತೇ ಅಂತ. "ಏನು ಬೇಕೋ ಎಲ್ಲಾ ಮಾಡಿ" ಅಂದುಬಿಡುತ್ತಾರೆ, ಮೂರನೇ ದಿನ ಬಿಲ್ಲು ನೋಡಿ ಕಂಗಾಲಾಗುತ್ತಾರೆ, ಆಗ ಫೋನೇ ಎತ್ತುವುದಿಲ್ಲ. ಅರ್ಧಕ್ಕೆ ನಿಂತ ಚಿಕಿತ್ಸೆ ಬೆಕ್ಕಿಗೂ ಕೆಟ್ಟದ್ದು, ಆಸ್ಪತ್ರೆಗೂ ನಷ್ಟ. ಮಿತಿ ಮೊದಲೇ ಗೊತ್ತಾದರೆ ವೈದ್ಯರು ಅದರೊಳಗೆ ಯೋಚನೆ ಮಾಡುತ್ತಾರೆ. ಈ ವೈದ್ಯೆ ಮಾಡಿದ್ದೂ ಹಾಗೆಯೇ. ಒಂದು ಹಾಳೆ ತೆಗೆದು ಮೂರು ಭಾಗ ಮಾಡಿದರು. ಈ ರಾತ್ರಿ ಬದುಕಿಸಲು ಬೇಕಾದದ್ದು. ನಾಳೆ ಬದುಕಿದ್ದರೆ ಬೇಕಾದದ್ದು. ಕಾಲಿಗೆ ಬೇಕಾದದ್ದು. ಪ್ರತಿಯೊಂದರ ಎದುರು ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು ಅಂತ ಎರಡು ಅಂಕಿ.

"ಮೂರನೇದರ ಬಗ್ಗೆ ಇವತ್ತು ತಲೆ ಕೆಡಿಸ್ಕೋಬೇಡಮ್ಮ," ಅಂದರು. "ಅಲ್ಲಿವರೆಗೆ ಹೋಗ್ತೀವೋ ಇಲ್ವೋ ನನಗೇ ಗೊತ್ತಿಲ್ಲ."

ಕಾಲು ಮುರಿದರೆ ಎದೆಗೆ ಯಾಕೆ ಎಕ್ಸ್‌ರೇ?

ಇದನ್ನು ಕೇಳಿದ್ದು ಯಜಮಾನರು. ಸುದ್ದಿ ತಿಳಿದು ಸಂಜೆಗೆ ಬಂದಿದ್ದರು. ಹಾಳೆಯ ಮೇಲೆ ಬೆರಳಿಟ್ಟು, "ಇದು ಸುಮ್ನೆ ಬಿಲ್ಲು ಬೆಳೆಸೋದಲ್ವಾ?" ಅಂದರು. ಅನುಮಾನ ಸಹಜವೇ. ಕಣ್ಣಿಗೆ ಕಾಣುವುದು ಕಾಲು.

ವೈದ್ಯೆ ಬೇಸರ ಮಾಡಿಕೊಳ್ಳದೆ ಅವರನ್ನು ಪಂಜರದ ಹತ್ತಿರ ಕರೆದರು. "ಯಜಮಾನ್ರೇ, ಪಕ್ಕೆ ನೋಡಿ." ಶಾಂತವಾಗಿ ಮಲಗಿದ ಬೆಕ್ಕು ನಿಮಿಷಕ್ಕೆ ಸುಮಾರು 20ರಿಂದ 30 ಸಲ ಉಸಿರಾಡುತ್ತದೆ. ಕೆಂಚನ ಪಕ್ಕೆ ಅದರ ಎರಡರಷ್ಟು ವೇಗದಲ್ಲಿ ಏರಿಳಿಯುತ್ತಿತ್ತು. ತುಟಿ ಮೇಲೆತ್ತಿ ತೋರಿಸಿದರು, ನಸುಗೆಂಪು ಇರಬೇಕಾದ ಒಸಡು ಬಿಳಿಚಿತ್ತು. ಮೈ ಬಿಸಿ ಬೆಕ್ಕಿಗೆ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರಬೇಕು, ಅವನದ್ದು ಕೆಳಗೆ ಇಳಿದಿತ್ತು. ಗಾಡಿ ಬಡಿದ ಬೆಕ್ಕನ್ನು ಕೊಲ್ಲುವುದು ಮುರಿದ ಕಾಲಲ್ಲ. ಜಜ್ಜಿದ ಶ್ವಾಸಕೋಶ, ಎದೆಗೂಡಿನಲ್ಲಿ ತುಂಬಿದ ಗಾಳಿ, ಹರಿದ ವಪೆ (ಎದೆಗೂ ಹೊಟ್ಟೆಗೂ ನಡುವಿನ ಪರದೆ), ಒಡೆದ ಮೂತ್ರಕೋಶ. ವಪೆ ಹರಿದಿದ್ದರೆ ಹೊಟ್ಟೆಯ ಕರುಳು ಎದೆಗೆ ನುಗ್ಗಿರಬಹುದು. ಅದನ್ನು ನೋಡದೆ ಅರಿವಳಿಕೆ ಕೊಟ್ಟರೆ ಕಾಲಿನ ಆಪರೇಷನ್ ಟೇಬಲ್ ಮೇಲೇ ಬೆಕ್ಕು ಹೋಗಬಹುದು. ಆಗ ಎಲ್ಲಾ ದುಡ್ಡೂ ಹೋದಂತೆ.

ಹೀಗಾಗಿ ಮೊದಲ ರಾತ್ರಿ ಕಾಲಿಗೆ ಏನೂ ಮಾಡಲಿಲ್ಲ. ಆಮ್ಲಜನಕ, ನೋವಿಗೆ ಇಂಜೆಕ್ಷನ್, ಡ್ರಿಪ್, ಬೆಚ್ಚನೆಯ ಹಾಸಿಗೆ. ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ ಎದೆ, ಹೊಟ್ಟೆ, ಸೊಂಟ, ಕಾಲು ಎಲ್ಲಾ ಬರುವ ಹಾಗೆ ಎಕ್ಸ್‌ರೇ. ವಪೆ ಸರಿ ಇತ್ತು, ಶ್ವಾಸಕೋಶ ಒಂದು ಕಡೆ ಜಜ್ಜಿತ್ತು, ತೊಡೆ ಮೂಳೆ ನಡುವೆ ಮೂರ್ನಾಲ್ಕು ಚೂರಾಗಿತ್ತು. ಜಜ್ಜಿದ ಶ್ವಾಸಕೋಶ ತಾನೇ ವಾಸಿಯಾಗುತ್ತದೆ, ಒಂದೆರಡು ದಿನ ಕಾಯಬೇಕು ಅಷ್ಟೇ.

ಕಾಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಬೆಕ್ಕು ಮೂತ್ರ ಮಾಡುತ್ತದಾ ಅಂತ ನೋಡಬೇಕು. ಸೊಂಟಕ್ಕೆ, ಬಾಲದ ಬುಡಕ್ಕೆ ಪೆಟ್ಟಾದಾಗ ಮೂತ್ರಕೋಶದ ನರಕ್ಕೂ ಪೆಟ್ಟಾಗಿರಬಹುದು. ಹಾಗಾದ ಬೆಕ್ಕಿನ ಮೂತ್ರವನ್ನು ದಿನಕ್ಕೆ ಹಲವು ಸಲ ಕೈಯಲ್ಲೇ ಒತ್ತಿ ತೆಗೆಯಬೇಕು, ಎಷ್ಟು ವಾರವೋ ಹೇಳಲಾಗದು. ಕಾಲಿಗೆ ದುಡ್ಡು ಸುರಿದ ಮೇಲೆ ಇದು ಗೊತ್ತಾದರೆ ಏನು ಪ್ರಯೋಜನ? ಎರಡನೇ ಬೆಳಿಗ್ಗೆ ತಟ್ಟೆಯ ಮರಳು ಒದ್ದೆಯಾಗಿತ್ತು. ವೈದ್ಯೆ ಫೋನ್ ಮಾಡಿ ಹೇಳಿದ ಮೊದಲ ಸುದ್ದಿಯೇ ಅದು. ಯುವತಿ ಆಫೀಸಿನಲ್ಲಿ ಕೂತು "ಉಚ್ಚೆ ಹೊಯ್ದನಂತೆ!" ಅಂತ ನನಗೆ ಸಂದೇಶ ಹಾಕಿದಳು.

ಇಲ್ಲಿ ಯುವತಿ ಕಲಿತು ಬಳಸಿದ ಒಂದು ಪ್ರಶ್ನೆ ಹೇಳಲೇಬೇಕು. ಪ್ರತಿ ಪರೀಕ್ಷೆಗೂ ಅವಳು ಕೇಳುತ್ತಿದ್ದಳು: "ಇದರ ಫಲಿತಾಂಶ ಏನೇ ಬಂದರೂ ಮಾಡೋ ಚಿಕಿತ್ಸೆ ಒಂದೇನಾ, ಅಥವಾ ಬದಲಾಗುತ್ತಾ?" ಬದಲಾಗದಿದ್ದರೆ ಆ ಪರೀಕ್ಷೆ ಈಗ ಬೇಡ. ವೈದ್ಯೆ ಒಂದು ರಕ್ತ ಪರೀಕ್ಷೆಯನ್ನು ತಾವಾಗಿಯೇ ಪಟ್ಟಿಯಿಂದ ತೆಗೆದರು. ಆದರೆ ಬೆಕ್ಕಿನ ಎರಡು ವೈರಸ್ಸುಗಳ ಪರೀಕ್ಷೆಯನ್ನು ಬಿಡಲಿಲ್ಲ, ಎಫ್‌ಐವಿ (ರೋಗ ತಡೆಯುವ ಶಕ್ತಿ ಕುಗ್ಗಿಸುವುದು) ಮತ್ತು ಎಫ್‌ಇಎಲ್‌ವಿ (ಬೆಕ್ಕಿನ ಲ್ಯುಕೇಮಿಯಾ ವೈರಸ್). ಕೆಲವು ಹನಿ ರಕ್ತ, ಸುಮಾರು 10 ನಿಮಿಷ. ಎಫ್‌ಇಎಲ್‌ವಿ ಬೇರೂರಿದ್ದರೆ ಆಯಸ್ಸೇ ಕಡಿಮೆ, ದೊಡ್ಡ ಆಪರೇಷನ್ನಿಗೆ ಕೈ ಹಾಕುವ ಮುಂಚೆ ಯೋಚಿಸಬೇಕು. ಎಫ್‌ಐವಿ ಹಾಗಲ್ಲ. ಅದು ಮುಖ್ಯವಾಗಿ ಆಳವಾದ ಕಡಿತದಿಂದ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಮನೆಯೊಳಗೆ ಇಟ್ಟು ನೋಡಿಕೊಂಡರೆ ಅಂಥ ಬೆಕ್ಕು ವರ್ಷಗಟ್ಟಲೆ ಬಾಳುತ್ತದೆ. ಕೆಂಚನಿಗೆ ಎಫ್‌ಇಎಲ್‌ವಿ ಇರಲಿಲ್ಲ. ಎಫ್‌ಐವಿ ಇತ್ತು. ಜಗಳಗಂಟ ಗಂಡು, ಆಶ್ಚರ್ಯವೇನಿಲ್ಲ.

ಪ್ಲೇಟೋ ಕತ್ತರಿಯೋ

ಹಾಳೆಯ ಮೂರನೇ ಭಾಗಕ್ಕೆ ಬಂದಾಗ ಎದುರಿಗೆ ನಾಲ್ಕು ದಾರಿ ಇದ್ದವು.

ಮೊದಲನೆಯದು, ಮೂಳೆ ತಜ್ಞರ ಹತ್ತಿರ ಕಳಿಸಿ ಲೋಹದ ಪ್ಲೇಟು, ಸ್ಕ್ರೂ ಹಾಕಿಸುವುದು. ಕಾಲು ಉಳಿಯುತ್ತದೆ. ಆದರೆ ಖರ್ಚು ಆಪರೇಷನ್ನಿಗೆ ಮುಗಿಯುವುದಿಲ್ಲ. ಮೂಳೆ ಕೂಡಿತೋ ಇಲ್ಲವೋ ಅಂತ ಮತ್ತೆ ಮತ್ತೆ ಎಕ್ಸ್‌ರೇ, ಆರೆಂಟು ವಾರ ಪಂಜರದಲ್ಲೇ ವಾಸ. ಸೋಂಕು ಬಂದರೋ ಸ್ಕ್ರೂ ಸಡಿಲವಾದರೋ ಎರಡನೇ ಆಪರೇಷನ್. ಎರಡನೆಯದು, ಕಾಲನ್ನು ತೊಡೆಯ ಮೇಲ್ಭಾಗದಲ್ಲಿ ತೆಗೆದುಬಿಡುವುದು. ಒಂದೇ ಆಪರೇಷನ್, 10ರಿಂದ 14 ದಿನಕ್ಕೆ ಹೊಲಿಗೆ ತೆಗೆದರೆ ಮುಗಿಯಿತು. ಮೂರನೆಯದು, ಏನೂ ಮಾಡದೆ ಪಂಜರದಲ್ಲಿ ಇಟ್ಟು ತಾನೇ ಕೂಡಲಿ ಅಂತ ಬಿಡುವುದು. ಸೊಂಟದ ಮೂಳೆಯ ಎಷ್ಟೋ ಬಿರುಕುಗಳಿಗೆ ಇದು ಒಳ್ಳೆಯ ದಾರಿಯೇ, ದುಡ್ಡೂ ಕಡಿಮೆ. ಆದರೆ ತೊಡೆ ಮೂಳೆ ಹೀಗೆ ಚೂರಾದಾಗ ಆಗದು. ಪಟ್ಟಿ ಕಟ್ಟಿ ನಿಲ್ಲಿಸಬೇಕಾದರೆ ಮುರಿದ ಜಾಗದ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಅಲುಗದ ಹಾಗೆ ಹಿಡಿಯಬೇಕು, ಮೇಲಿನ ಕೀಲು ಅಂದರೆ ಸೊಂಟ. ಅದನ್ನು ಪಟ್ಟಿ ಹಿಡಿಯುವುದಿಲ್ಲ. ಇನ್ನು ನಾಲ್ಕನೆಯದು ದಯಾಮರಣ. ವೈದ್ಯೆ ಅದನ್ನೂ ಬಾಯಿಬಿಟ್ಟು ಹೇಳಿದರು. ದುಡ್ಡು ಎಲ್ಲೂ ಹುಟ್ಟದೆ, ಬೆಕ್ಕು ನೋವಿನಲ್ಲೇ ಬಿದ್ದಿರಬೇಕಾದರೆ ಅದು ತಪ್ಪಲ್ಲ ಅಂದರು. ಕೇಳಲು ಕಷ್ಟವಾದರೂ ಅಂಥ ಮಾತನ್ನು ಮುಚ್ಚಿಡದ ವೈದ್ಯರನ್ನು ನಾನು ಹೆಚ್ಚು ನಂಬುತ್ತೇನೆ.

ತಜ್ಞರ ಕಡೆಯಿಂದ ಬಂದ ಅಂದಾಜು ಕಾಲು ತೆಗೆಯುವ ಖರ್ಚಿನ ಹಲವು ಪಟ್ಟು ಇತ್ತು. ಯುವತಿಗೆ ಪ್ಲೇಟು ಹಾಕಿಸುವ ಆಸೆ. "ದುಡ್ಡಿಲ್ಲ ಅಂತ ಅವನ ಕಾಲು ಕಿತ್ಕೋತಿದೀವಿ ಅನ್ನಿಸ್ತಿದೆ," ಅಂದಳು. ವೈದ್ಯೆ ಫೋನಿನಲ್ಲಿ ಮೂರು ಕಾಲಿನ ಬೆಕ್ಕೊಂದು ಕಿಟಕಿ ಮೇಲೆ ಹಾರುವ ವಿಡಿಯೋ ತೋರಿಸಿದರು. ಬೆಕ್ಕು ಹಗುರ ಪ್ರಾಣಿ, ಮೈಭಾರದ ಹೆಚ್ಚಿನ ಪಾಲು ಮುಂಗಾಲಿನ ಮೇಲೆ. ಒಂದು ಹಿಂಗಾಲು ಹೋದರೂ ಕೆಲವೇ ವಾರಗಳಲ್ಲಿ ಓಡಾಟ ಕಲಿಯುತ್ತದೆ. ಕನ್ನಡಿ ನೋಡಿ ಅಳುವ ಜಾತಿಯಲ್ಲ. ಜೊತೆಗೆ ಕೆಂಚ ಪಳಗಿದ ಬೆಕ್ಕೂ ಅಲ್ಲ. ಎರಡು ತಿಂಗಳು ಪಂಜರದಲ್ಲಿ ಅವನನ್ನು ಸುಮ್ಮನೆ ಕೂರಿಸುವವರು ಯಾರು? ಪಂಜರಕ್ಕೆ ಗುದ್ದಾಡಿ ಸ್ಕ್ರೂ ಕಿತ್ತುಕೊಂಡರೆ?

ಕೊನೆಗೆ ಕಾಲು ತೆಗೆಯುವುದೆಂದು ತೀರ್ಮಾನವಾಯಿತು. ನನ್ನ ಲೆಕ್ಕದಲ್ಲಿ ಕೈತುಂಬ ದುಡ್ಡಿದ್ದರೂ ಈ ಬೆಕ್ಕಿಗೆ ಇದೇ ಸರಿ. ಪಳಗಿದ, ಮನೆಯಲ್ಲೇ ಇರುವ ಮರಿಯಾಗಿದ್ದರೆ ಬೇರೆ ಮಾತು. ಅದೇ ಅರಿವಳಿಕೆಯಲ್ಲಿ ಸಂತಾನಹರಣವನ್ನೂ ಮುಗಿಸಿದರು, ಚಿಪ್ಪನ್ನೂ ಹಾಕಿದರು. ಬೇರೆ ಬೇರೆಯಾಗಿ ಮಾಡಿಸಿದ್ದರೆ ಅರಿವಳಿಕೆಯ ಖರ್ಚು ಎರಡು ಸಲ ಬೀಳುತ್ತಿತ್ತು.

ದುಡ್ಡು ಬಂದ ದಾರಿ

ಮೊದಲ ರಾತ್ರಿಯ ಮುಂಗಡ ಯುವತಿಯದ್ದೇ. ಅದು ಅವಳು ಹೇಳಿದ ಮಿತಿಯ ಬಹುಪಾಲನ್ನು ನುಂಗಿತು. ಉಳಿದದ್ದಕ್ಕೆ ಏನೇನು ನೋಡಿದೆವು ಅಂದರೆ:

ವಿಮೆ. ಅಕ್ಕಪಕ್ಕದವರೊಬ್ಬರು "ಈಗಲೇ ಬೆಕ್ಕಿಗೆ ಇನ್ಶೂರೆನ್ಸ್ ಮಾಡಿಸಿಬಿಡಿ" ಅಂದರು. ಆಗುವುದಿಲ್ಲ. ಪಾಲಿಸಿ ತೆಗೆದುಕೊಳ್ಳುವ ಮುಂಚೆ ಆದ ಗಾಯಕ್ಕೆ ಸಾಕುಪ್ರಾಣಿ ವಿಮೆ ದುಡ್ಡು ಕೊಡುವುದಿಲ್ಲ. ಗಾಯ ಮುಚ್ಚಿಟ್ಟು ಮಾಡಿಸಿದರೆ ಅದು ಮೋಸ.

ಧರ್ಮಾರ್ಥ ಆಸ್ಪತ್ರೆ. ಇದಕ್ಕೆ ಹಳೆಯ ಚರಿತ್ರೆ ಇದೆ. 1917ರಲ್ಲಿ ಮರಿಯಾ ಡಿಕಿನ್ ಎಂಬ ಮಹಿಳೆ ಲಂಡನ್ನಿನ ವೈಟ್‌ಚಾಪಲ್‌ನ ಒಂದು ನೆಲಮಾಳಿಗೆಯಲ್ಲಿ ಬಡವರ ಪ್ರಾಣಿಗಳಿಗೆ ಉಚಿತ ದವಾಖಾನೆ ತೆರೆದರು. ಅದೇ ಬೆಳೆದು ಇವತ್ತಿನ ಪಿಡಿಎಸ್‌ಎ ಎಂಬ ಧರ್ಮಾರ್ಥ ಸಂಸ್ಥೆ ಆಗಿದೆ. ಆದರೆ ಇಂಥ ಹಲವು ಯೋಜನೆಗಳು ಸಾಕಿದವರ ಆದಾಯ ನೋಡಿ ರಿಯಾಯಿತಿ ಕೊಡುತ್ತವೆ. ಯಾರದ್ದೂ ಅಲ್ಲದ ಬೆಕ್ಕಿಗೆ ಯಾರ ಆದಾಯ ನೋಡಬೇಕು? ಈ ಸಂದಿನಲ್ಲಿ ಕೆಂಚನಂಥವು ಬೀಳುತ್ತವೆ. ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇನ್ನೊಂದು ದಾರಿ. ಕಲಿಯುವವರು ಮೇಷ್ಟ್ರ ಕಣ್ಣೆದುರು ಮಾಡುವುದರಿಂದ ಹಲವು ಕಡೆ ಖರ್ಚು ಕಡಿಮೆ. ಆದರೆ ಆ ಉಸಿರಿನಲ್ಲಿ ಬೆಕ್ಕನ್ನು ಅಷ್ಟು ದೂರ ಸಾಗಿಸುವುದು ಬೇಡ ಅಂದರು ವೈದ್ಯೆ.

ಆಸ್ಪತ್ರೆಯೇ ಕೊಟ್ಟ ಸಹಾಯ. ಕೇಳಿದ್ದಕ್ಕೆ ಸಿಕ್ಕಿತು. ತಪಾಸಣೆಯ ಫೀಸು ಬಿಟ್ಟರು, ಉಳಿದ ಬಿಲ್ಲನ್ನು ಕಂತಿನಲ್ಲಿ ಕಟ್ಟಲು ಒಪ್ಪಿದರು. ಎಲ್ಲರೂ ಒಪ್ಪಲಾರರು, ಒಪ್ಪಬೇಕೆಂದೂ ಇಲ್ಲ. ಕೇಳುವುದರಲ್ಲಿ ತಪ್ಪೇನೂ ಇಲ್ಲವಲ್ಲ.

ಉಳಿದದ್ದು ಚಂದಾ. ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಜಗಳ ಆದದ್ದೂ ಇಲ್ಲೇ.

ಯುವತಿ ಕೆಂಚನ ಫೋಟೋ ಹಾಕಿ ಪರಿಚಯದವರಿಗೆ ಕಳಿಸಿದಳು. ಒಂದು ಗಂಟೆಯಲ್ಲಿ ಕೈಮುಗಿದ ಚಿತ್ರಗಳೂ "ನಾನಿದ್ದೀನಿ" ಅನ್ನುವ ಮಾತುಗಳೂ ತುಂಬಿಹೋದವು. ದುಡ್ಡು ನಿಧಾನ ಬಂತು, ಮಾತು ಕೊಟ್ಟವರೆಲ್ಲರಿಂದ ಬರಲಿಲ್ಲ. ಹೀಗಾಗುವುದು ಸಾಮಾನ್ಯ. ಬಂದ ಮಾತನ್ನು ಬಂದ ದುಡ್ಡು ಅಂತ ಎಣಿಸಿ ಆಪರೇಷನ್ನಿಗೆ ಒಪ್ಪಿಗೆ ಕೊಟ್ಟರೆ ಸಹಿ ಹಾಕಿದವರೇ ಮುಳುಗುವುದು. ನಾನು ಲೆಕ್ಕದ ಹಾಳೆಯಲ್ಲಿ ಎರಡು ಕಾಲಂ ಮಾಡಿದೆ, ಹೇಳಿದ್ದು ಮತ್ತು ಕೈಗೆ ಬಂದದ್ದು. ತೀರ್ಮಾನ ಎರಡನೇ ಕಾಲಂ ನೋಡಿ ಮಾತ್ರ.

ಇನ್ನೊಂದು ಏರ್ಪಾಡು ಮಾಡಿದೆವು. ದುಡ್ಡು ಯುವತಿಯ ಖಾತೆಗೆ ಬರಲಿಲ್ಲ, ಕೊಡುವವರು ಆಸ್ಪತ್ರೆಗೇ ನೇರವಾಗಿ ಕೆಂಚನ ಬಿಲ್ ನಂಬರಿಗೆ ಕಟ್ಟಿದರು. ಆಸ್ಪತ್ರೆಯವರು ದಿನಾ ಸಂಜೆ ಬಾಕಿ ಎಷ್ಟು ಅಂತ ತಿಳಿಸಿದರು, ಅದರ ಫೋಟೋವನ್ನು ಎಲ್ಲರಿಗೂ ಕಳಿಸಿದೆವು. ಇದರಿಂದ "ದುಡ್ಡು ಏನಾಯ್ತು" ಅನ್ನುವ ಪಿಸುಮಾತಿಗೆ ಜಾಗವೇ ಇರಲಿಲ್ಲ. ಖಾಸಗಿ ಖಾತೆಗೆ ಚಂದಾ ಎತ್ತಿ ಒಳ್ಳೆಯವರೇ ಹೆಸರು ಕೆಡಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ಕದ್ದಿರುವುದಿಲ್ಲ, ಲೆಕ್ಕ ಇಟ್ಟಿರುವುದಿಲ್ಲ ಅಷ್ಟೇ.

ಜಗಳ ಕಾಲಿನ ವಿಷಯಕ್ಕೆ. ಕಾಲು ತೆಗೆಯುತ್ತಾರೆ ಅಂತ ಗೊತ್ತಾದ ಕೂಡಲೇ ಚಂದಾ ಕೊಟ್ಟ ಒಬ್ಬರು ಉರಿದೆದ್ದರು. "ನಾವು ದುಡ್ಡು ಕೊಟ್ಟಿದ್ದು ಕಾಲು ಉಳಿಸೋಕೆ, ಕತ್ತರಿಸೋಕಲ್ಲ." ಅವರು ಕೊಟ್ಟದ್ದು ಒಂದು ಹೊತ್ತಿನ ಔಷಧಿಗೂ ಸಾಲದಷ್ಟು. ಇನ್ನೊಬ್ಬರು ದೂರದಲ್ಲಿರುವ ತಜ್ಞರ ಹೆಸರು ಕಳಿಸಿದರು, ಮತ್ತೊಬ್ಬರು ಎಣ್ಣೆ ಹಚ್ಚಿ ಕಟ್ಟಿದರೆ ಮೂಳೆ ಕೂಡುತ್ತದೆ ಅಂದರು. ಯುವತಿ ಎರಡು ರಾತ್ರಿ ಎಲ್ಲರಿಗೂ ಉತ್ತರ ಬರೆಯುತ್ತಾ ಕೂತಳು, ಕಣ್ಣು ಕೆಂಪಗಾಗಿತ್ತು.

ನನ್ನ ಅಭಿಪ್ರಾಯ ಖಚಿತ. ದುಡ್ಡು ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ಯಾವ ಆಪರೇಷನ್ ಅಂತ ಹೇಳುವ ಹಕ್ಕಿಲ್ಲ. ಅದು ವೈದ್ಯರ ಸಲಹೆ ಕೇಳಿ, ಸಹಿ ಹಾಕಿ, ಆಮೇಲೆ ಬೆಕ್ಕಿನ ಕಸ ಬಳಿಯುವವರ ತೀರ್ಮಾನ. ಎಕ್ಸ್‌ರೇಯ ಫೋಟೋ, ಎರಡೂ ಅಂದಾಜು, ವೈದ್ಯೆಯ ನಾಲ್ಕು ಸಾಲಿನ ಕಾರಣ ಇಷ್ಟನ್ನು ಒಂದೇ ಸಲ ಎಲ್ಲರಿಗೂ ಕಳಿಸಿ, ಒಪ್ಪಿಗೆ ಇಲ್ಲದವರು ದುಡ್ಡು ವಾಪಸ್ ಪಡೆಯಬಹುದು ಅಂತ ಬರೆದೆವು. ಉರಿದೆದ್ದವರು ವಾಪಸ್ ಪಡೆದರು. ಉಳಿದವರು ಸುಮ್ಮನಾದರು, ಇಬ್ಬರು ಇನ್ನಷ್ಟು ಕೊಟ್ಟರು.

ಯಜಮಾನರ ಕೋಣೆ

ಯಜಮಾನರು ದುಡ್ಡು ಕೊಡಲಿಲ್ಲ. ನಿವೃತ್ತರು, ಕೈಯಲ್ಲಿ ಇರಲಿಲ್ಲ. ಅದನ್ನು ಹೇಳಲೂ ಸಂಕೋಚ, ಹಾಗಾಗಿಯೇ "ನಮ್ಮದಲ್ಲ" ಅನ್ನುವ ಹಟ. ಊಟ ಹಾಕಿದ ಮಾತ್ರಕ್ಕೆ ಬಿಲ್ಲು ತಲೆ ಮೇಲೆ ಬೀಳುತ್ತದೆ ಅನ್ನುವ ಭಯ ಅವರಿಗಿತ್ತು. ಸುತ್ತಲಿನವರು ಒಂದಿಬ್ಬರು ಚುಚ್ಚಿಯೂ ಮಾತಾಡಿದ್ದರು. ಅದು ನನಗೆ ಸರಿ ಕಾಣಲಿಲ್ಲ. ಊಟ ಹಾಕುವವರನ್ನು ಹೀಗೆ ಹೆದರಿಸಿದರೆ ನಾಳೆ ಅವರು ಊಟವನ್ನೂ ನಿಲ್ಲಿಸುತ್ತಾರೆ.

ಆದರೆ ಕೆಂಚನ ಒಟ್ಟು ಖರ್ಚನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಅವರೇ. ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲೇ ಇಟ್ಟುಕೊಂಡರೆ ದಿನದ ಬಾಡಿಗೆ ಬೀಳುತ್ತದೆ. ಹೊಲಿಗೆ ಒಣಗುವವರೆಗೆ ಅಲ್ಲೇ ಬಿಟ್ಟಿದ್ದರೆ ಆ ಬಾಡಿಗೆಯೇ ಆಪರೇಷನ್ನಿನ ಹತ್ತಿರ ಹತ್ತಿರಕ್ಕೆ ಹೋಗುತ್ತಿತ್ತು. ಯುವತಿ ಇದ್ದದ್ದು ಪ್ರಾಣಿ ಸಾಕಬಾರದೆಂಬ ಷರತ್ತಿನ ಬಾಡಿಗೆ ಮನೆಯಲ್ಲಿ. ಯಜಮಾನರು ಬಂದು, "ನಮ್ಮ ಸಾಮಾನು ಕೋಣೆ ಖಾಲಿ ಮಾಡಿಸಿದ್ದೀನಿ, ಅಲ್ಲಿಡಿ," ಅಂದರು.

ಕೋಣೆ ಸಣ್ಣದು. ಹತ್ತಲು ಏನೂ ಇರಬಾರದು ಅಂತ ಕಪಾಟು ಹೊರಗೆ ಹಾಕಿಸಿದ್ದರು. ಅಂಚು ತಗ್ಗಾದ ತಟ್ಟೆಯಲ್ಲಿ ಮರಳಿನ ಬದಲು ಹರಿದ ಕಾಗದ, ಹೊಲಿಗೆಗೆ ಧೂಳು ಮೆತ್ತದ ಹಾಗೆ. ಹೊಲಿಗೆ ನೆಕ್ಕದ ಹಾಗೆ ಕೊರಳಿಗೆ ಕೋನ್. ಮೊದಲ ದಿನ ಕೆಂಚ ಗೋಡೆಗೆ ಒರಗಿಕೊಂಡೇ ನಿಂತ, ತಟ್ಟೆಗೆ ಹೋಗುವಾಗ ಎರಡು ಸಲ ಮಗ್ಗುಲಿಗೆ ಬಿದ್ದ, ಯಾರಾದರೂ ನೋಡಿದರಾ ಅನ್ನುವ ಹಾಗೆ ಕೂತು ಮೈ ನೆಕ್ಕಲು ಹೋದ, ಕೋನ್ ಅಡ್ಡ ಬಂತು. ಊಟ ಮುಟ್ಟಲಿಲ್ಲ. ಇದು ಚಿಂತೆಯ ವಿಷಯ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳಬಹುದು, ದಪ್ಪ ಬೆಕ್ಕುಗಳಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಬೀಳುವ ಖರ್ಚು ಕಾಲಿನದ್ದನ್ನೂ ಮೀರಿಸಬಹುದು. ಯಜಮಾನರು ಡಬ್ಬಿ ಆಹಾರವನ್ನು ಬೆಚ್ಚಗೆ ಮಾಡಿ ಬೆರಳಿನಲ್ಲಿ ಹಿಡಿದರು. ಬೆಚ್ಚಗಾದರೆ ವಾಸನೆ ಏಳುತ್ತದೆ, ಬೆಕ್ಕು ತಿನ್ನುವುದು ಮೂಗಿನಿಂದ. ರಾತ್ರಿ ಹೊತ್ತಿಗೆ ನೆಕ್ಕಿದ.

ಇಂಥ ಕೆಲಸಕ್ಕೆ ಲೆಕ್ಕದ ಹಾಳೆಯಲ್ಲಿ ಜಾಗ ಇರುವುದಿಲ್ಲ. ನಾನು ಜಾಗ ಮಾಡಿದೆ. ಆಸ್ಪತ್ರೆಯ ದಿನದ ಬಾಡಿಗೆಯನ್ನು ದಿನಗಳಿಂದ ಗುಣಿಸಿ, ಯಜಮಾನರ ಕೊಡುಗೆ ಅಂತ ಬರೆದು ಎಲ್ಲರಿಗೂ ಕಳಿಸಿದೆ. ಎಲ್ಲಾ ಚಂದಾದಾರರಿಗಿಂತ ಅವರ ಅಂಕಿಯೇ ದೊಡ್ಡದಿತ್ತು. ಚುಚ್ಚಿದವರು ಆಮೇಲೆ ಮಾತಾಡಲಿಲ್ಲ.

ಕಚ್ಚಿದ ಬೆರಳು

ಯುವತಿಯ ಕೈ ಮರುದಿನವೇ ಊದಿಕೊಂಡಿತ್ತು. ಬೆಕ್ಕಿನ ಕೋರೆಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ, ಮೇಲೆ ಕಾಣುವುದು ಚುಕ್ಕೆಯಷ್ಟೇ. ಬಾಯಲ್ಲಿರುವ ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಒಳಗೇ ಉಳಿದುಬಿಡುತ್ತದೆ. ಹತ್ತಿರ ಕೀಲಿದ್ದರೆ ಅದಕ್ಕೂ ಸೋಂಕು. ಕಚ್ಚಿದ ಕೂಡಲೇ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಆಮೇಲೆ ವೈದ್ಯರ ಹತ್ತಿರ ಹೋಗಬೇಕು. ರೇಬೀಸ್ ಇರುವ ಕಡೆ ಲಸಿಕೆಯನ್ನು ತಡಮಾಡದೆ ಶುರು ಮಾಡಬೇಕು, ರಕ್ತ ಬರುವಂತೆ ಹಲ್ಲು ಇಳಿದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ. ಕಚ್ಚಿದ ಬೆಕ್ಕು 10 ದಿನ ಆರೋಗ್ಯವಾಗಿದ್ದರೆ ರೇಬೀಸಿನ ಭಯವಿಲ್ಲ, ಆದರೆ ಆ 10 ದಿನ ಕಾದು ಆಮೇಲೆ ಲಸಿಕೆ ಶುರು ಮಾಡುವುದಲ್ಲ. ಅವಳು ಆಂಟಿಬಯಾಟಿಕ್ಕನ್ನೂ ಲಸಿಕೆಯನ್ನೂ ತೆಗೆದುಕೊಂಡಳು, ದುಡ್ಡು ತಾನೇ ಕಟ್ಟಿದಳು, ಯಾರಿಗೂ ಹೇಳಲಿಲ್ಲ.

ಲೆಕ್ಕ ಮುಗಿಸುವ ಹೊತ್ತಿಗೆ ಇದು ನನಗೆ ಗೊತ್ತಾಯಿತು. "ಅದು ಬೆಕ್ಕಿನ ಖರ್ಚಲ್ವಲ್ಲ, ನಂದು," ಅಂದಳು. ನಾನು ಒಪ್ಪಲಿಲ್ಲ. ಬೆಕ್ಕನ್ನು ಎತ್ತದಿದ್ದರೆ ಆ ಖರ್ಚು ಬರುತ್ತಲೇ ಇರಲಿಲ್ಲ, ಹಾಗಾದರೆ ಅದು ರಕ್ಷಣೆಯ ಖರ್ಚೇ. ಹೀಗೆ ತಮ್ಮ ಕೈಯಿಂದ ಹೋದದ್ದನ್ನು ನುಂಗಿಕೊಂಡೇ ಎಷ್ಟೋ ಜನ ಎರಡನೇ ಸಲ ಬೆಕ್ಕು ಕಂಡಾಗ ಮುಖ ತಿರುಗಿಸುವುದು.

ಬಿಲ್ಲು ಪೂರ್ತಿ ತೀರಿದ ಮೇಲೆ ಆಸ್ಪತ್ರೆಯ ಖಾತೆಯಲ್ಲಿ ಸ್ವಲ್ಪ ದುಡ್ಡು ಉಳಿದಿತ್ತು. ಉಳಿದರೆ ಏನು ಮಾಡುವುದು ಅಂತ ಶುರುವಿನಲ್ಲೇ ಬರೆದಿರಲಿಲ್ಲ, ಆದ್ದರಿಂದ ಕೊಟ್ಟವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಬೇಕಾಯಿತು. ಬೇರೆ ಬೆಕ್ಕಿಗೆ ಕೊಡಿ ಅಂದವರು ಕೆಲವರು. ವಾಪಸ್ ಬೇಕು ಅಂದವರು ಇಬ್ಬರು, ಅವರಿಗೆ ಕೊಟ್ಟೆವು. ಯುವತಿಯ ಬೆರಳಿನ ಬಿಲ್ಲನ್ನು ಮೊದಲು ತೀರಿಸಿ ಅಂದವರೇ ಜಾಸ್ತಿ. ಅದನ್ನು ತೀರಿಸಿ ಮಿಕ್ಕದ್ದು ಆಸ್ಪತ್ರೆಯಲ್ಲಿ ಕೆಂಚನ ಹೆಸರಿನಲ್ಲೇ ಇದೆ. ಎಫ್‌ಐವಿ ಇರುವ ಬೆಕ್ಕಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಬೇಕು, ಹಲ್ಲು, ಒಸಡು, ತೂಕ ನೋಡಿಸಬೇಕು. ಮುಂದಿನ ತಪಾಸಣೆಗೂ ಲಸಿಕೆಗೂ ಅದು ಸಾಕು. ಅದರ ಮುಂದಿನದ್ದಕ್ಕೆ ಯಜಮಾನರು ತಿಂಗಳಿಗೆ ಇಷ್ಟು ಅಂತ ತೆಗೆದಿಡುತ್ತಿದ್ದಾರೆ, ಯುವತಿ ಅಷ್ಟೇ ಮೊತ್ತ ಸೇರಿಸುತ್ತಾಳೆ. ಹಾಳೆ ಇನ್ನೂ ನನ್ನ ಹತ್ತಿರವೇ ಇದೆ.